ಅಂಚಿನ ಹೆಬ್ಬೆರಳು

ರೇಣು ಕ್ಯಾಮೆರಾದ ಕೆಳಗಿನ ಗಾಜನ್ನು ಒರೆಸುತ್ತಿದ್ದಳು. ಪಕ್ಕದಲ್ಲಿ ಅಣ್ಣ ಮಾಂತು ಕಂಪ್ಯೂಟರಿನ ಮುಂದೆ ಕೂತಿದ್ದ. ಹಳೆಯ ಮರಾಠಿ ಪುಸ್ತಕವೊಂದರ ಫೋಟೋಗಳನ್ನು ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಹಾಕಿ, ಸಂಜೆಯೊಳಗೆ ಸದಾಶಿವ ಪೇಠೆಯ ಪ್ರಕಾಶಕರಿಗೆ ಸಿ.ಡಿ. ಮುಟ್ಟಿಸಬೇಕಿತ್ತು. ಫೋಟೋ ತೆಗೆಯುವಾಗ ಪುಟ ಮಗುಚದಂತೆ ಒತ್ತಿ ಹಿಡಿದವಳು ಅವ್ವ. ಅವಳು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

"ನೋಡಿಲ್ಲಿ, ಅವ್ವನ ಹೆಬ್ಬೆರಳನ್ನೂ ಇದು ಅಕ್ಷರ ಅಂತ ಓದ್ಯದ," ಎಂದು ಮಾಂತು ನಗಲು ನೋಡಿದ. "ಸಾಲಿ ಮೆಟ್ಟಲಾ ಹತ್ತಲಾರದಾಕಿ, ಈಗ ಪುಟಕ್ಕೆರಡು ಅಕ್ಷರ ಬರ್ದಾಳ."

ಪ್ರತಿ ಪುಟದ ಅಂಚಿನಲ್ಲೂ ಆ ಬೆರಳಿತ್ತು. ಈಳಿಗೆ ತಾಗಿ ಸೀಳಿದ ಉಗುರು, ಅದರ ಸಂದಿನಲ್ಲಿ ಅರಿಸಿನ. ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಅವ್ವನದು ಮನೆಯಲ್ಲಿ ಒಂದೂ ಫೋಟೋ ಇರಲಿಲ್ಲ. ಕಾರ್ಯದ ದಿನ ಅವಳ ಮಡಿಚಿದ ಸೀರೆಗೇ ಹಾರ ಹಾಕಿದ್ದರು.

ಮಾಂತು ಬೆರಳಿನ ಸುತ್ತ ಚೌಕ ಎಳೆದು ಅಳಿಸುತ್ತ ಹೋದ. ಸೇವ್ ಮಾಡಿದಂತೆ ಹಳೆಯ ಫೋಟೋದ ಮೇಲೆಯೇ ಹೊಸದು ಕೂರುತ್ತಿತ್ತು. ಅಳಿಸಿದ್ದು ಮತ್ತೆ ಸಿಗುವಂತಿರಲಿಲ್ಲ. ಕೊನೆಯ ಪುಟದಲ್ಲೂ ಚೌಕ ಬಿದ್ದಾಗ ರೇಣು ಅವನ ಭುಜ ಹಿಡಿದಳು.

"ಅಣ್ಣಾ, ಇದೊಂದರಾಗರ ಅವ್ವನ ಬೆರಳು ಇರಲಿ."

ಮಾಂತು ಎಳೆದ ಚೌಕ ತೆಗೆದು, ಆ ಪುಟವನ್ನು ಹಾಗೇ ಬಿಟ್ಟ.