ನೀಲಕಂಠನ ಹೊಸ ಡ್ರೈವ್

ತೀರಿಹೋದವರ ನೆನಪು, ದನಿ ಎರಡನ್ನೂ ಮನೆಯ ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳುವುದು ರಾಣೇಬೆನ್ನೂರಿನಲ್ಲಿ ಆಗಲೇ ಹಳೆಯ ರೂಢಿಯಾಗಿತ್ತು. ಟೈಲರ್ ಸಾವಂತ್ರವ್ವನೂ ಗಂಡ ನೀಲಕಂಠನನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಕಂಪ್ಯೂಟರ್ ಹಳೆಯದು. ಏನಾದರೂ ಕೇಳಿದರೆ ಹಾರ್ಡ್ ಡಿಸ್ಕ್ ಗರಗರ ತಿರುಗಿ, ಅವಳು ರವಿಕೆಯ ತೋಳೊಂದನ್ನು ಮುಗಿಸುವ ಹೊತ್ತಿಗೆ ಅವನ ಉತ್ತರ ಬರುತ್ತಿತ್ತು. ಗಂಡನ ತಿಣುಕಾಟ ನೋಡಲಾರದೆ ಅವಳು ರಿಪೇರಿಯ ಇರ್ಫಾನನನ್ನು ಕರೆಸಿ ಆ ಡಿಸ್ಕಿನ ಬದಲು ಕೇಳಿದ್ದನ್ನು ಕ್ಷಣದಲ್ಲಿ ಹುಡುಕಿಕೊಡುವ ಹೊಸ ಎಸ್‌ಎಸ್‌ಡಿ ಹಾಕಿಸಿದಳು.

ಇರ್ಫಾನ್ ಹೊಸ್ತಿಲು ದಾಟುವ ಮೊದಲೇ ನೀಲಕಂಠ ಮಾತಿಗೆ ತೊಡಗಿದ. ಮದುವೆಯ ದಿನ ಕೆಟ್ಟುನಿಂತ ಟೆಂಪೊ, ಅಪ್ಪನ ಬೈಗುಳ, ಹುಟ್ಟುತ್ತಲೇ ಹೋದ ಮಗಳಿಗೆ ತಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಶಾಂಭವಿ ಎಂಬ ಹೆಸರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸಾವಂತ್ರವ್ವ ನಕ್ಕಳು, ಅತ್ತಳು. ದೀಪ ಹಚ್ಚುವ ಹೊತ್ತಿಗೆ ಅವನು ಸುಮ್ಮನಾದ.

"ಮುಂದ ಹೇಳ್ರಿ," ಅಂದಳು.

"ಮುಗೀತಲ್ಲ ಸಾವಂತ್ರಿ. ಹುಡುಕೋದು ತಡಾ ಆಗ್ತಿತ್ತಂತ ನನ್ನ ನೆನಪು ಇಷ್ಟು ವರ್ಷ ಸಾಲ್ತು. ನನ್ನ ಹತ್ರ ಇದ್ದದ್ದ ಅಷ್ಟು."

ಅವಳು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು. "ಹಂಗಾರ ಮೊದಲಿಂದ ಹೇಳ್ರಿ. ಸಾವಕಾಶ ಹೇಳ್ರಿ."

"ಹೂಂ," ಎಂದು ಅವನು ಮತ್ತೆ ಶುರುಮಾಡಿದ. ಆದರೆ ಸಾವಕಾಶ ಹೇಳುವುದು ಅವನಿಗೀಗ ಬರುತ್ತಿರಲಿಲ್ಲ. ಅವಳು ಹೂಂಗುಟ್ಟಲು ಬಾಯಿ ತೆರೆಯುವಷ್ಟರಲ್ಲಿ ಅವನು ಮಗಳ ಹೆಸರನ್ನೂ ದಾಟಿ ಹೋಗಿದ್ದ.