ಗೌಡರ ಮನೆಯ ಅಂಟಿನುಂಡಿ

ತುಪ್ಪದಲ್ಲಿ ಅಂಟು ಕರಿಯುವ ವಾಸನೆ ಬಂದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ತಮ್ಮ ಹುಟ್ಟಿ ತಿಂಗಳು ತುಂಬುವ ಮೊದಲೇ ಅವ್ವ ಕೊಣ್ಣೂರಿನ ಗೌಡರ ಮನೆಗೆ ಕೂಲಿಗೆ ಹೋದಳು. ಬಾಣಂತನಕ್ಕೆ ಬಂದಿದ್ದ ಅವರ ಮಗಳ ಮೈಗೆ ಬಲ ಬರಲೆಂದು, ಕರಿದ ಅಂಟಿಗೆ ಕೊಬ್ಬರಿ, ಬೆಲ್ಲ ಬೆರೆಸಿ ಅಂಟಿನುಂಡಿ ಕಟ್ಟುವ ಕೆಲಸ. ಅಲ್ಲೇ ಪಕ್ಕದಲ್ಲಿ ಕೂತಿದ್ದ ನನ್ನ ತೊಡೆಯ ಮೇಲೆ ತಮ್ಮ ಚೀರಿ ಚೀರಿ ಅತ್ತರೂ ಅವ್ವ ತಿರುಗಿ ನೋಡಲಿಲ್ಲ. ಗೋಡೆ ನೋಡುತ್ತ ಉಂಡಿ ಕಟ್ಟುತ್ತಿದ್ದಳು.

"ಎಂಥ ತಾಯಿ ಅದೀಯವಾ, ಹಡದ ಕೂಸಿನ ಮ್ಯಾಲ ಮಾಯಾ ಇಲ್ಲೇನ?" ಎಂದಳು ಗೌಡಶಾನಿ. ಆಮೇಲೆ ಬಿಸಿ ಉಂಡಿಯೊಂದನ್ನು ಮಗಳ ಬಾಯಿಗಿಟ್ಟು, "ತಿನ್ನವಾ, ಬಾಣಂತಿ ಹಸದ್ರ ಮನಸ್ಸು ಕೆಡತೈತಿ," ಎಂದಳು.

ಸಂಜೆ ಮನೆಗೆ ಬಂದಾಗ ಅವ್ವನ ಅಂಗೈ ತುಪ್ಪದಿಂದ ಮಿನುಗುತ್ತಿತ್ತು.

"ಕೈ ತೊಳಕೋಬ್ಯಾಡ, ನೆಕ್ಕು. ನೀನೂ ಬಾಣಂತಿ ಅದಿ," ಎಂದಳು ಅಜ್ಜಿ.

ಅವ್ವ ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ಎರಡೂ ಕೈ ತಿಕ್ಕಿ ತೊಳೆದಳು.