ಅಂಥದೇ ಇನ್ನೊಂದು ಮಾಲೆ

ಕಣ್ಣು ಮುಚ್ಚಿಕೊಂಡು ಜಪಮಾಲೆ ಆರಿಸುವ ಹೆಂಗಸನ್ನು ಶಂಭುಲಿಂಗಪ್ಪ ಕಂಡದ್ದು ಇದೇ ಮೊದಲು. ಮಾಮೂಲ್‌ಪೇಟೆಯ ತನ್ನ ಅಂಗಡಿಯಲ್ಲಿದ್ದ ಮಾಲೆಗಳನ್ನೆಲ್ಲ ಅವನು ಅವಳ ಮುಂದೆ ಹರಡಿದ್ದ. ಅವಳು ಒಂದೊಂದನ್ನೇ ಎತ್ತಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮಣಿ ಉರುಳಿಸಿ, ತಲೆಯಾಡಿಸಿ ಕೆಳಗಿಡುತ್ತಿದ್ದಳು.

"ಸ್ಫಟಿಕ ನೋಡಿ ತಾಯಿ. ತಂಪು. ಧ್ಯಾನಕ್ಕೆ ಕೂತ್ರೆ ಮನಸ್ಸು ನಿಲ್ಲುತ್ತೆ."

"ಬೇಡ. ರುದ್ರಾಕ್ಷಿನೇ ಬೇಕು. ಸಣ್ಣ ಮಣಿ. ಸವೆದಿದ್ರೆ ಇನ್ನೂ ಒಳ್ಳೇದು."

"ಸವೆದಿದ್ದಾ?" ಶಂಭುಲಿಂಗಪ್ಪನಿಗೆ ಅನುಮಾನ ಬಂತು. ಎಲ್ಲರೂ ಕೇಳುವುದು ಹೊಸದನ್ನು. "ಸಣ್ಣ ಮಣಿ ಜಾವಾದಿಂದ ಬರ್ತಿತ್ತು. ಜಪಾನಿನವರು ಅಲ್ಲಿಗೆ ನುಗ್ಗಿದ ಮೇಲೆ ಸರಕೇ ಇಲ್ಲ. ಯಾರಿಗೆ ತಾಯಿ?"

"ನಮ್ಮತ್ತೆಗೆ. ಅವರಿಗೆ ಕಣ್ಣು ಕಾಣಲ್ಲ. ಇದ್ದ ಮಾಲೆ ಕಳೆದುಹೋಯ್ತು. ಅಂಥದೇ ಬೇಕು."

ಶಂಭುಲಿಂಗಪ್ಪನ ಮುಖ ಸಡಿಲಾಯಿತು. ಒಳಗೆ ಹೋಗಿ ಒಂದು ಪುಟ್ಟ ಭರಣಿ ತಂದ. "ಇದು ನಮ್ಮ ತಂದೆಯವರದು. ಮಾರೋಕೆ ಇಟ್ಟಿದ್ದಲ್ಲ. ನೀವು ಅತ್ತೆಗೋಸ್ಕರ ಇಷ್ಟು ಹುಡುಕ್ತಿದೀರಲ್ಲ, ತಗೊಳ್ಳಿ. ಇಂಥ ಸೊಸೆ ಸಿಗೋಕೆ ಅವರು ಪುಣ್ಯ ಮಾಡಿರ್ಬೇಕು."

ಗಿರಿಜಾಂಬಾ ತಲೆ ತಗ್ಗಿಸಿದಳು. ಕೆನ್ನೆಗೆ ಹೊಡೆದಂತಾಯಿತು. ಅತ್ತೆಯ ಮಾಲೆ ಕಳೆದಿರಲಿಲ್ಲ. ಅದನ್ನು ಬಾವಿಗೆ ಎಸೆದವಳು ಅವಳೇ.

ನೆಲಮಂಗಲದಲ್ಲಿ ಅವಳ ತಾಯಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಚಾಮರಾಜಪೇಟೆಯ ಗಂಡನ ಮನೆಗೆ ತಂತಿ ಬಂದು, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಕೆಮ್ಮುತ್ತ ಕೆಮ್ಮುತ್ತ ಅವಳನ್ನು ಊರು ಮುಟ್ಟಿಸುವ ಹೊತ್ತಿಗೆ ಮಣ್ಣು ಮುಗಿದಿತ್ತು. ತಾಯಿಯ ಮುಖ ಕೂಡ ಸಿಗಲಿಲ್ಲ. "ಅಮ್ಮ ನಿನ್ನ ಹೆಸರು ಹಿಡ್ಕೊಂಡೇ ಕೂಗ್ತಿದ್ಳು. ಸೀರಿಯಸ್ಸು ಅಂತ ಗಾಡಿ ಧರ್ಮರಾಜು ಕೈಲಿ ಹೇಳಿ ಕಳಿಸಿದ್ರೂ ನೀನು ಬರ್ಲಿಲ್ಲ!" ಎಂದು ಅಣ್ಣ ವೀರಭದ್ರಯ್ಯ ಎಲ್ಲರೆದುರು ರೇಗಿದ. ಧರ್ಮರಾಜು ಪೇಟೆಗೆ ತರಕಾರಿ ಹೊಡೆಯುವ ಗಾಡಿಯವನು. ಕುಡಿಯುವವನು ಬೇರೆ. ಎಲ್ಲಿ ಬಿದ್ದಿದ್ದನೋ, ಊರಿಗೆ ಇನ್ನೂ ಮರಳಿರಲಿಲ್ಲ. "ಕುಡುಕನ ಕೈಲಿ ಹೇಳಿ ಕಳಿಸಿ ನನ್ನ ಮೇಲೆ ಹಾಕ್ತೀಯಾ?" ಎಂದು ಗಿರಿಜಾಂಬಾಳೂ ಕೂಗಾಡಿದಳು. ಅಣ್ಣ ತಂಗಿಯರ ಮಾತು ಅಲ್ಲಿಗೇ ನಿಂತಿತು.

ಆ ಉರಿಯಲ್ಲೇ ಅವಳು ಮನೆಗೆ ಮರಳಿದಳು. ಅತ್ತೆ ಬಸವಮ್ಮ ಕಂಬಕ್ಕೆ ಒರಗಿ ಜಪ ಮಾಡುತ್ತ ಕೂತಿದ್ದರು. ಹೆಜ್ಜೆ ಸಪ್ಪಳ ಗುರುತಿಸಿ "ಬಂದ್ಯಾ?" ಎಂದರು. ಅಷ್ಟೇ. ಒಂದು ಅಯ್ಯೋ ಇಲ್ಲ, ತಾಯಿಯ ಮಾತಿಲ್ಲ. ಮಣಿಗಳು ಮಾತ್ರ ಮೊದಲಿಗಿಂತ ಬೇಗ ಬೇಗ ಉರುಳಿದವು.

ಮಧ್ಯಾಹ್ನ ಅತ್ತೆ ಮಲಗಿದಾಗ ಗಿರಿಜಾಂಬಾ ಗೂಡಿನಲ್ಲಿದ್ದ ಮಾಲೆ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಕಲ್ಲು ಮನಸ್ಸಿಗೆ ಜಪ ಬೇರೆ ಕೇಡು ಅಂದುಕೊಂಡಳು. ಎಸೆದಳು.

ಸಂಜೆ ಬಸವಮ್ಮ ಗೂಡು ತಡವಿದರು. "ನನ್ನ ಮಾಲೆ ಕಂಡ್ಯಾ ಗಿರಿಜಾ?"

"ಇಲ್ಲ ಅತ್ತೆ."

ಮುದುಕಿ ಮತ್ತೆ ಕೇಳಲಿಲ್ಲ. ರಂಪ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಬರಿಗೈಯಲ್ಲೇ ಕಂಬಕ್ಕೆ ಒರಗಿ ಕೂರತೊಡಗಿದರು. ಹೆಬ್ಬೆರಳು ಖಾಲಿ ಬೆರಳುಗಳ ಮೇಲೆ ಓಡುತ್ತಿತ್ತು. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿಯತೊಡಗಿತು. "ಅವ್ವ ಸೊರಗಿಹೋಗ್ತಿದಾಳೆ, ಏನಾಗಿದೆ ಅಂತ ಕೇಳೇ," ಎಂದು ಗಂಡ ಶಿವರುದ್ರಪ್ಪ ಹೇಳಿದಾಗ ಗಿರಿಜಾಂಬಾ ಒಲೆಯ ಕಡೆ ತಿರುಗಿಕೊಂಡಳು. ನೀರು ಸೇದುವಾಗ ಬಾವಿಯೊಳಗೆ ನೋಡುವುದನ್ನೇ ಬಿಟ್ಟಳು.

ಇವತ್ತು ಅದಕ್ಕೆಲ್ಲ ಕೊನೆ ಎಂದುಕೊಂಡು ಅವಳು ಮಾಮೂಲ್‌ಪೇಟೆಯಿಂದ ಬಂದಳು. ಹಳೆಯ ವಾಸನೆ ಬರಲೆಂದು ಮಣಿಗಳಿಗೆ ವಿಭೂತಿ ಸವರಿದಳು. ಅತ್ತೆಯ ಮುಂದೆ ಕೂತಳು.

"ಅತ್ತೆ, ಮಾಲೆ ಸಿಕ್ತು. ಅಕ್ಕಿ ಡಬ್ಬದ ಹಿಂದೆ ಬಿದ್ದಿತ್ತು."

ಬಸವಮ್ಮ ಕೈ ಚಾಚಿ ತೆಗೆದುಕೊಂಡರು. ಮಣಿಗಳನ್ನು ನಿಧಾನವಾಗಿ ಸವರಿದರು. "ಚೆನ್ನಾಗಿದೆ. ಎಲ್ಲಿ ತಂದೆ?"

"ತರೋದೇನು ಅತ್ತೆ, ನಿಮ್ಮದೇ..."

"ನನ್ನದು ಬಾವೀಲಿದೆಯಲ್ಲಮ್ಮ. ಕಣ್ಣು ಹೋಗಿದೆ, ಕಿವಿ ಇದೆ. ಬಿದ್ದ ಸದ್ದು ಕೇಳಿಸ್ತು."

ಗಿರಿಜಾಂಬಾ ಅವರ ಪಾದ ಹಿಡಿದುಕೊಂಡಳು. "ತಪ್ಪಾಯ್ತು ಅತ್ತೆ. ಅಮ್ಮನ ಮುಖ ಸಿಗ್ಲಿಲ್ಲ ಅನ್ನೋ ಸಂಕಟ. ನೀವು ಒಂದು ಮಾತೂ ಆಡ್ಲಿಲ್ಲ ಅಂತ ಸಿಟ್ಟು. ನನ್ನ ಕೈ ಬಿದ್ದುಹೋಗ..."

"ಏಳು. ಹಾಗನ್ಬೇಡ. ನೀನು ಎಸೆದದ್ದೇ ಸರಿ."

ಮುದುಕಿಯ ಕೈ ತಲೆ ಸವರಿತು. ಗಿರಿಜಾಂಬಾಳಿಗೆ ಅಷ್ಟು ದಿನದ ಅಳು ಒಮ್ಮೆಲೇ ಬಂತು. ಎದೆ ಹಗುರಾಯಿತು. ಕ್ಷಮಿಸಿಬಿಟ್ಟರು ಅಂದುಕೊಂಡಳು. ಅಷ್ಟರಲ್ಲಿ ಬಸವಮ್ಮ ಮಾಲೆಯನ್ನು ಅವಳ ಕೈಗೇ ತಿರುಗಿ ಇಟ್ಟರು.

"ಇದನ್ನ ನೀನೇ ಇಟ್ಕೊ. ನಾನು ಯಾವ ಬಾಯಲ್ಲಿ ಶಿವನ ಹೆಸರು ಹೇಳ್ಲಿ?"

"ಯಾಕತ್ತೆ ಹಾಗಂತೀರಾ?"

"ಮಹಾನಂದನ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರಲ್ಲ, ಆ ದಿನ ನೆನಪಿದೆಯಾ?"

ನೆನಪಿತ್ತು. ಮಹಾನಂದ ಅವಳ ನಾದಿನಿ. ಅಮ್ಮ ತೀರಿಕೊಂಡ ತಂತಿ ಬಂದದ್ದು ಅದರ ಮರುದಿನ.

"ನೀನು ಬೆಳಗ್ಗಿಂದ ಒಲೆ ಮುಂದಿದ್ದೆ. ಮನೆ ತುಂಬ ನೆಂಟರು. ನೀನು ಎದ್ದು ಹೊರಟ್ರೆ ಗತಿಯೇನು ಅಂತ ಹೆದರ್ದೆ. ಸಂಜೆ ಹೇಳೋಣ ಅಂದ್ಕೊಂಡೆ. ಸಂಜೆ ಬಾಯಿ ಬರ್ಲಿಲ್ಲ. ಆಮೇಲಂತೂ..."

"ಏನನ್ನ ಹೇಳೋದು ಅತ್ತೆ?"

ಬಸವಮ್ಮನ ಹೆಬ್ಬೆರಳು ಖಾಲಿ ಬೆರಳುಗಳ ಮೇಲೆ ಓಡಿತು, ನಿಂತಿತು.

"ಧರ್ಮರಾಜು ಎಲ್ಲೂ ಕುಡಿದು ಬಿದ್ದಿರ್ಲಿಲ್ಲ, ಗಿರಿಜಾ. ಬಾಗಿಲವರೆಗೂ ಬಂದಿದ್ದ, ನಾನೇ ವಾಪಸ್ ಕಳಿಸ್ದೆ. ಆಗಿನ್ನೂ ನಿಮ್ಮಮ್ಮ ಬದುಕಿದ್ರು."